ಉಪ್ಪಕ್ಕನ ಸೊನ್ನೆ

ಸಿಗಡಿ ಮರಿ ಸಾಕುವ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಉಪ್ಪಕ್ಕ ಎಂದೇ. ಕಸ ಗುಡಿಸಲು ಬಂದವಳು ಇಪ್ಪತ್ತೆರಡು ವರ್ಷದಿಂದ ರಿಫ್ರಾಕ್ಟೋಮೀಟರ್ ಕೊರಳಿಗೆ ಕಟ್ಟಿಕೊಂಡಿದ್ದಾಳೆ. ಆ ಹೆಸರಿಗೆ ನಾಲಿಗೆ ತಿರುಗದ ಕಾರಣ ಅಲ್ಲಿಯವರಿಗೆ ಅದು ದುರ್ಬೀನು. ಗೇಣುದ್ದದ ಕೊಳವೆ. ತುದಿಯ ಗಾಜಿನ ಮೇಲೆ ತೊಟ್ಟಿಯ ನೀರು ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದರೆ, ನೀಲಿ ಮುಗಿದು ಬಿಳಿ ಶುರುವಾಗುವ ಗೆರೆ ಉಪ್ಪಿನ ಅಂಕಿ ಹೇಳುತ್ತದೆ. ದಿನಾ ಮೊದಲು ಗಾಜು ತೊಳೆದು, ಶುದ್ಧ ನೀರಿನ ಹನಿ ಬಿಟ್ಟು, ತಿರುಪು ತಿರುಗಿಸಿ ಗೆರೆಯನ್ನು ಸೊನ್ನೆಗೆ ತರಬೇಕು. ತೊಳೆಯದೆ ಮುಟ್ಟಿದವರ ಚಳಿ ಬಿಡಿಸಿದ್ದಾಳೆ ಉಪ್ಪಕ್ಕ; ಯಜಮಾನರ ಅಳಿಯನನ್ನೂ ಬಿಟ್ಟಿಲ್ಲ.

ಆ ಬೆಳಗ್ಗೆ ಗೆರೆ ಇಪ್ಪತ್ತೆರಡಕ್ಕೆ ನಿಂತಿತ್ತು. ನಿನ್ನೆ ಇಪ್ಪತ್ತೆಂಟು.

"ರಾತ್ರಿ ಮಳೆ ನೀರು ನುಗ್ಗಿದೆ! ಉಪ್ಪುನೀರು ಬಿಡು, ಬೇಗ!" ಯಜಮಾನರು ಅಳಿಯನಿಗೆ ಕೂಗಿದರು. ಅವನು ವಾಲ್ವಿನತ್ತ ಓಡಿದ. ತೊಟ್ಟಿಯಲ್ಲಿ ಹನ್ನೆರಡು ಲಕ್ಷ ಮರಿ. ಉಪ್ಪು ಏಕಾಏಕಿ ಏರಿದರೆ ಒಂದೂ ಉಳಿಯುವುದಿಲ್ಲ.

ಮಳೆ ನೀರು ಬಂದಿದ್ದರೆ ಕೆಸರೂ ಬರಬೇಕಲ್ಲ? ಉಪ್ಪಕ್ಕ ನೀರಿನ ಸೀಸೆಯನ್ನು ಕದಡು ಅಳೆಯುವ ಪೆಟ್ಟಿಗೆಯಲ್ಲಿಟ್ಟು ಬೆಳಕು ಹಾಯಿಸಿದಳು. ನಿನ್ನೆಯದೇ ಅಂಕಿ. ನೀರು ತಿಳಿಯಾಗಿತ್ತು, ಮರಿಗಳು ಆರಾಮಾಗಿ ಈಜುತ್ತಿದ್ದವು.

ಆಗ ಅವಳಿಗೆ ನೆನಪಾಯಿತು. ಬೆಳಗ್ಗೆ ಮಗಳ ಫೋನು. ಅದನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡೇ ಸೊನ್ನೆ ಮಾಡಿದ್ದಳು. ಗಾಜು ತೊಳೆದಿರಲಿಲ್ಲ. ನಿನ್ನೆಯ ಹನಿ ಒಣಗಿ ಕೂತಿದ್ದ ಉಪ್ಪು ಶುದ್ಧ ನೀರಿನಲ್ಲಿ ಕರಗಿತ್ತು. ಆ ಉಪ್ಪನ್ನೇ ಸೊನ್ನೆ ಎಂದು ಕೂರಿಸಿದ್ದಳು. ಮತ್ತೆ ತೊಟ್ಟಿಯ ಅಂಕಿ ಅಷ್ಟು ಕಮ್ಮಿ ಬರದೆ ಇನ್ನೇನು?

ಬಾಯಿ ಬಿಡದಿದ್ದರೆ ಮರಿಗಳ ಸಾವನ್ನೂ ಮಳೆಯ ತಲೆಗೆ ಕಟ್ಟಬಹುದು. ಬಿಟ್ಟರೆ ಕೆಲಸ ಹೋದಂತೆಯೇ. ಈ ಕಣ್ಣಳತೆ ಇನ್ನು ಸಾಕು, ಕಂಪ್ಯೂಟರ್ ಮಿಷನ್ ತರಿಸೋಣ ಎಂದು ಅಳಿಯ ವರ್ಷದಿಂದ ಪಿಟೀಲು ಕುಯ್ಯುತ್ತಿದ್ದಾನೆ. ಅಷ್ಟರಲ್ಲಿ ವಾಲ್ವು ಕಿರ್ರೆಂದಿತು.

"ನಿಲ್ಸಿ ಸಾರ್! ನೀರು ಸರಿಯಾಗೇ ಇದೆ. ತಪ್ಪು ಮಾಡಿದ್ದು ನಾನು!"

ಗಾಜು ತೊಳೆದು, ಒರೆಸಿ, ಸೊನ್ನೆಗೆ ತಂದು, ತೊಟ್ಟಿಯ ಹನಿ ಬಿಟ್ಟು ಯಜಮಾನರ ಕಣ್ಣಿಗೇ ಹಿಡಿದಳು. ಇಪ್ಪತ್ತೆಂಟು. ಅವರು ತೊಟ್ಟಿಯ ಕಟ್ಟೆ ಮೇಲೆ ಕುಸಿದು ಕೂತರು.

"ಸುಮ್ನಿದ್ದಿದ್ರೆ ನಿಮ್ಮ ಹೆಸರಾದ್ರೂ ಉಳೀತಿತ್ತಲ್ಲಮ್ಮ."

"ಹೌದು ಸಾರ್. ಅದೊಂದೇ ಉಳೀತಿತ್ತು."

ಅಳಿಯ ವಾಲ್ವು ಮುಚ್ಚಿ ಬಂದು ಕೈ ಚಾಚಿದ. ಯಜಮಾನರು ತಲೆ ಎತ್ತಲಿಲ್ಲ. ಉಪ್ಪಕ್ಕ ಕೊರಳಿನ ದಾರ ತೆಗೆದು ದುರ್ಬೀನನ್ನು ಅವನ ಕೈಲಿಟ್ಟಳು. ಕಣ್ಣು ತುಂಬಿ ಬಂದಿತ್ತು, ಆದರೂ ಅವನು ಅದನ್ನು ಹಾಗೇ ಕಣ್ಣಿಗೆ ಹಿಡಿದದ್ದು ಕಂಡು ತಡೆಯಲಾಗಲಿಲ್ಲ.

"ಮೊದ್ಲು ಗಾಜು ತೊಳೀರಿ," ಎಂದಳು.