ಸಹಿ ಹಾಕದ ಆಪಾ

ಆಪಾ ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಬಿದ್ದು ಉಗುರು ಹೋಗಿತ್ತಂತೆ. ಆ ಬೋಳು ಬೆರಳನ್ನು ಕಂಪ್ಯೂಟರ್ ಪರದೆಗೆ ಒತ್ತಿ ಹಿಡಿದು "ಇದು ಯಾಕ ಹಿಂಗ?" ಎಂದರೆ ಕಚೇರಿಯಲ್ಲಿ ಯಾರ ಗಂಟಲಲ್ಲೂ ಚಹಾ ಇಳಿಯುತ್ತಿರಲಿಲ್ಲ.

ನಮ್ಮೂರಿಂದ ಬಹುದೂರದ ಸೇನಾ ನೆಲೆಯೊಂದರ ವಿದ್ಯುತ್ ವಿಭಾಗದಲ್ಲಿ ಅವರು ಎಂಜಿನಿಯರ್, ನಾನು ಅವರ ಕೈಕೆಳಗಿನವನು. ಎಲ್ಲರಿಗೂ ಅವರು ಮೇಡಂ. ನಾನು ಸೇಡಂ ಕಡೆಯ ಕುರಕುಂಟಾದವನೆಂದು ತಿಳಿದ ದಿನವೇ "ಮೇಡಂ ಗೀಡಂ ಬ್ಯಾಡ, ಆಪಾ ಅನ್ನು" ಎಂದರು, ಅಕ್ಕ ಸಿಕ್ಕಂತಾಯಿತು. ನೆಲೆ ವರ್ಷಕ್ಕೆ ಬಳಸುವಷ್ಟು ಕರೆಂಟನ್ನು ತನ್ನ ಸೋಲಾರಿನಿಂದಲೇ ಪಡೆಯಬೇಕು, ಅಂದರೆ ನೆಟ್ ಝೀರೋ ಆಗಬೇಕು ಎಂಬುದು ಮೇಲಿನವರ ಗುರಿ. ಆದರೆ ಇಡೀ ನೆಲೆಗೆ ಇದ್ದದ್ದು ಗೇಟಿನಲ್ಲಿ ಒಂದೇ ಮೀಟರು. ಯಾರು ಎಷ್ಟು ಉರಿಸುತ್ತಾರೋ ದೇವರಿಗೇ ಗೊತ್ತು. ಆಪಾ ಜಗಳವಾಡಿ ಕಟ್ಟಡಕ್ಕೊಂದು ಮೀಟರು ಹಾಕಿಸಿದರು.

ಒಮ್ಮೆ ಒಂದು ಪಡೆ ತರಬೇತಿಗೆಂದು ಮರುಭೂಮಿಗೆ ಹೋಯಿತು. ಬ್ಯಾರಕ್ಕು ಖಾಲಿ, ಅದರ ಮೀಟರು ಮಾತ್ರ ಮೊದಲಿನಂತೆಯೇ ಓಡುತ್ತಿತ್ತು. ಹೋಗಿ ಬೀಗ ತೆಗೆಸಿದರೆ ಒಳಗೆ ಬಾಯ್ಲರುಗಳು ಕೊತಕೊತ ಕುದಿಯುತ್ತಿದ್ದವು. ಕಾವಲಿನ ಹವಾಲ್ದಾರ ನೆಟ್ಟಗೆ ನಿಂತು, ಬಿಸಿನೀರು ಕಾಯಿಸಲು ಆದೇಶವಿದೆ, ನಿಲ್ಲಿಸಲು ಬಂದಿಲ್ಲ ಎಂದ. ತಪ್ಪು ಅವನದಲ್ಲ, ಅಲ್ಲಿ ಆದೇಶವಿಲ್ಲದೆ ಸ್ವಿಚ್ಚೂ ಆರುವುದಿಲ್ಲ. ಆಪಾ ನನ್ನತ್ತ ತಿರುಗಿ, "ಭೂತಕ್ಕ ಸ್ನಾನ ಮಾಡಸ್ಲಾಕತ್ತಾರೇನೋ ತಮ್ಮಾ?" ಎಂದು ನಕ್ಕರು. ಪಡೆ ಹೊರಡುವ ಆದೇಶದಲ್ಲೇ ಬಾಯ್ಲರ್ ಬಂದ್ ಮಾಡುವ ಸಾಲು ಸೇರುವವರೆಗೆ ಬೆನ್ನು ಬಿಡಲಿಲ್ಲ.

ಆಮೇಲೆ ದೊಡ್ಡ ತಪಾಸಣೆ ಬಂತು. ನೆಲೆಯ ಮುಖ್ಯಸ್ಥರು ಅವಸರದಲ್ಲಿ 'ನೆಟ್ ಝೀರೋ' ಎಂಬ ಫಲಕವನ್ನೂ ಮಾಡಿಸಿಬಿಟ್ಟಿದ್ದರು. ಗುರಿ ಇನ್ನೂ ಮುಟ್ಟಿರಲಿಲ್ಲ. ಅಧಿಕಾರಿಗಳ ಬಂಗಲೆಗಳನ್ನು ಲೆಕ್ಕದಿಂದ ಬಿಟ್ಟರೆ ಮುಟ್ಟುತ್ತಿತ್ತು. ಹಾಗೆ ಬಿಟ್ಟ ವರದಿಗೆ ಆಪಾ ಸಹಿ ಹಾಕಬೇಕು, ಇಲ್ಲವೇ ಜಾಗ ಖಾಲಿ ಮಾಡಬೇಕು.

"ಹಾಕಿಬಿಡ್ರಿ ಆಪಾ. ನೀವು ಹೋದ್ರ ಕೆಲ್ಸ ಅರ್ಧಕ್ಕ ನಿಲ್ತದ," ಎಂದೆ.

"ಗಂಡಸರು ಉಂಡ ರೊಟ್ಟಿ ಲೆಕ್ಕಕ್ಕ ಹಿಡಿಯಂಗಿಲ್ಲ, ಬುಟ್ಟಿ ತುಂಬೇ ಅದ ಅನ್ರಿ ಅಂದ್ರ ಹ್ಯಾಂಗ ಅನ್ಲಿ ತಮ್ಮಾ? ಬಂಗ್ಲೆ ಏನು ಈ ನೆಲೆ ಬಿಟ್ಟು ನಮ್ಮೂರ ಕಡಿ ಚಿತ್ತಾಪುರದಾಗ ಅದಾವ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ವಾರದೊಳಗೆ ಆಪಾಗೆ ಗಡಿ ಕಡೆಯ ಉಗ್ರಾಣವೊಂದಕ್ಕೆ ವರ್ಗವಾಯಿತು. ಸಹಿಯಿಲ್ಲದ ವರದಿ ಮುಂದೆ ಹೋಗಲಿಲ್ಲ, ಫಲಕವೂ ಗೇಟಿಗೆ ಏರಲಿಲ್ಲ. ಆಪಾ ಅಲ್ಲಿಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಆ ಉಗ್ರಾಣಕ್ಕೂ ಮೀಟರು ಹಾಕಿಸಿದ್ದು. ನೆನೆದರೆ ಈಗಲೂ ಹೆಮ್ಮೆಯಿಂದ ಕಣ್ಣು ತುಂಬುತ್ತದೆ.

ಹೋದ ವರ್ಷ ತೀರಿಕೊಂಡರು. ನಾನು ವಾಡಿಯಲ್ಲಿ ರೈಲು ಇಳಿದು ಶಹಾಬಾದ್ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು. ಅವರ ತಮ್ಮ, "ಕುಂದ್ರಿ, ಚಹಾ ಕುಡೀರಿ. ನಿಮ್ಮ ಸುದ್ದಿ ಭಾಳ ಹೇಳ್ತಿದ್ದಳ್ರಿ," ಎಂದರು.

"ಏನಂತಿದ್ರು?"

"ನಾ ಹಾಕಲಿಲ್ಲ, ಅಂವಾನೂ ಸಹಿ ಹಾಕಂಗಿಲ್ಲ ಅಂತಿದ್ದಳು."

ನೆಲೆಯಲ್ಲಿ ಆಪಾ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಹೊಸ ಸಾಹೇಬರು ಬಂದಿದ್ದಾರೆ. ಬಂಗಲೆಗಳನ್ನು ಬಿಟ್ಟ ವರದಿ ಮೊನ್ನೆ ಮತ್ತೆ ನನ್ನ ಮೇಜಿಗೆ ಬಂತು. ಸಹಿ ಹಾಕದೆ ವಾಪಸ್ ಕಳಿಸಿದ್ದೇನೆ. ಎಲ್ಲಿಗಾದರೂ ವರ್ಗ ಮಾಡಲಿ, ಪೆಟ್ಟಿಗೆ ಕಟ್ಟಿಟ್ಟಿದ್ದೇನೆ.