ಕಿಂಡಿಯ ಕೆಳಗಿನಿಂದ ಕಂಡದ್ದು

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹಿರಿಯೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟರಾಗಿದ್ದೆ. ಏಳನೇ ತರಗತಿಯವರನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ಯುವುದು ಪ್ರತಿ ವರ್ಷ ನನ್ನ ಪಾಲಿನ ಕೆಲಸ. ಓಬವ್ವನ ಕಿಂಡಿಯ ಬಳಿ ನಾನು ಭಾಷಣ ಬಿಗಿಯುತ್ತಿರಲಿಲ್ಲ, ಆಟ ಆಡಿಸುತ್ತಿದ್ದೆ. ಒಬ್ಬ ಹುಡುಗಿ ಕೋಲು ಹಿಡಿದು ಒಳಬದಿಯಲ್ಲಿ ನಿಲ್ಲಬೇಕು; ಹೈದರಾಲಿಯ ಸೈನಿಕರಾದವರು ಬಂಡೆಯ ಸಂದಿನಿಂದ ಒಬ್ಬೊಬ್ಬರಾಗಿ ತಲೆ ಹಾಕಬೇಕು; ಕೋಲು ತಾಗಿದವನು ಸತ್ತಂತೆ. ಈ ಪಾಠದ ಬಗ್ಗೆ ನನಗೆ ಜಂಬವೇ ಇತ್ತು.

ಆ ವರ್ಷ ಹುಡುಗರು ಬಸ್ಸಿನಲ್ಲೇ ಸೈನಿಕನನ್ನು ಆರಿಸಿಬಿಟ್ಟಿದ್ದರು. ಒಬ್ಬನೇ ಒಬ್ಬ, ರಿಯಾಜ್. "ಲೇ, ನೀನು ಹೈದರಾಲಿ ಕಡೆಯೋನು ಕಣಲೇ. ಇವತ್ತು ಐತೆ ನಿಂಗೆ" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಓಬವ್ವನ ಬಗ್ಗೆ ಭಾಷಣ ಮಾಡಿ ಶಾಲೆಯಲ್ಲಿ ಮೊದಲ ಬಹುಮಾನ ಗಿಟ್ಟಿಸಿದವನೇ ಈ ರಿಯಾಜ್. ಅವನು ನಗಲಿಲ್ಲ. ಅದನ್ನು ಕಂಡೂ ಸುಮ್ಮನಿದ್ದೆ.

ಕಿಂಡಿಯ ಹೊರಗೆ ಅವನೊಡನೆ ನಿಂತು ಸೀಟಿ ಊದಿದೆ. ಒಳಗಿನ ಗಲಾಟೆ ಒಮ್ಮೆಲೇ ನಿಂತಿತು. ನಲವತ್ತು ಮಕ್ಕಳು ಅಷ್ಟು ನಿಶ್ಶಬ್ದವಾಗಿದ್ದುದು ನನಗೆ ನೆನಪಿಲ್ಲ. ಅರ್ಧ ನುಸುಳಿದ್ದ ರಿಯಾಜ್ ಹಿಂದೆ ಸರಿದು ನನ್ನ ಅಂಗಿ ಹಿಡಿದ.

"ನಾ ಹೋಗಲ್ಲ ಸಾರ್. ಅವ್ರು ನಿಜವಾಗ್ಲೂ ಹೊಡೀತಾರೆ."

"ಏನಪ್ಪ, ಆಟಕ್ಕೂ ಹೆದರ್ತೀಯಾ?"

"ಹಂಗಾರೆ ನೀವೇ ಹೋಗ್ರಿ ಸಾರ್."

ಗದರಲು ಬಾಯಿ ತೆರೆದೆ. ಅವನು ಅಂಗಿ ಬಿಡಲಿಲ್ಲ. ಬೆನ್ನುನೋವನ್ನು ಬೈದುಕೊಳ್ಳುತ್ತಾ ನಾನೇ ತೆವಳಿ ಒಳಬದಿಗೆ ತಲೆ ಹಾಕಿದೆ. ಮೊದಲು ಕಂಡದ್ದು ಎತ್ತಿ ಹಿಡಿದ ಕೋಲು. ಅದರ ಹಿಂದೆ ಏಳೆಂಟು ಹುಡುಗರು, ಎಲ್ಲರ ಕೈಯಲ್ಲೂ ಕಲ್ಲು. ಬಂದವನು ನಾನು ಎಂದು ತಿಳಿಯುವ ಮೊದಲು ಆ ಮುಖಗಳಲ್ಲಿ ಆಟವಿರಲಿಲ್ಲ. ನಾನೇ ಪಾಠ ಹೇಳಿದ ಮಕ್ಕಳನ್ನು ಕಂಡು ಹೆದರಿದೆ.

"ಅಯ್ಯೋ, ಸಾರ್!" ಎಂದು ಹುಡುಗಿ ಕೋಲು ಬಿಟ್ಟಳು. ಕಲ್ಲುಗಳೂ ಒಂದೊಂದಾಗಿ ನೆಲಕ್ಕೆ ಬಿದ್ದವು.

ಮೂವತ್ತು ವರ್ಷ ಆ ಕಿಂಡಿಯ ಪಾಠ ಮಾಡಿದ ನಾನು ಅಲ್ಲಿಯವರೆಗೆ ಒಮ್ಮೆಯೂ ಅದರೊಳಗೆ ತಲೆ ಹಾಕಿರಲಿಲ್ಲ. ಓಬವ್ವನ ಧೈರ್ಯ ಈಗಲೂ ನನಗೆ ದೊಡ್ಡದೇ. ಆದರೆ ಎಂದೋ ಮುಗಿದ ಯುದ್ಧಕ್ಕೆ ತರಗತಿಯಲ್ಲಿ ಶತ್ರುವನ್ನು ಹುಡುಕಲು ಬಿಟ್ಟವನು ನಾನು. ಮೇಷ್ಟರು ನಕ್ಕರೆ ಮಕ್ಕಳಿಗೆ ಅದೇ ಅಪ್ಪಣೆ ಎಂಬುದನ್ನು ಈ ವೃತ್ತಿ ನನಗೆ ತಡವಾಗಿ ಕಲಿಸಿತು.

ವಾಪಸ್ ಬರುವಾಗ ರಿಯಾಜನನ್ನು ಕರೆದು, "ತಪ್ಪು ನಂದು ಕಣಪ್ಪ, ಬಾ, ನನ್ನ ಪಕ್ಕ ಕುಂತ್ಕ" ಎಂದೆ.

"ಬ್ಯಾಡ ಸಾರ್" ಎಂದವನು ಹಿರಿಯೂರಿನವರೆಗೂ ಬಸ್ಸಿನ ಬಾಗಿಲ ಬಳಿ ನಿಂತೇ ಬಂದ.