ಬಾಗಿಲಲ್ಲೇ ಉಳಿದ ಫೋನು

ವೆಂಟಿಲೇಟರ್ ಬಳಿ ಮೊಬೈಲ್ ಬೇಡವೆಂದು ನರ್ಸ್ ತಡೆದಾಗ ಯುವಕನೊಬ್ಬ ಐಸಿಯು ಬಾಗಿಲಲ್ಲೇ ನಿಂತುಬಿಟ್ಟ. ವರ್ತೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದ ಆತನ ಅಪ್ಪ ಒಳಗಿದ್ದರು. ರಾಯಚೂರಿನಿಂದ ಹೊರಟಿದ್ದ ತಾಯಿ, ಫೋನನ್ನು ಗಂಡನ ಕಿವಿಗೆ ಹಿಡಿಯೆಂದು, ಪಕ್ಕದಲ್ಲಿದ್ದ ನನಗೂ ಕೇಳಿಸುವಷ್ಟು ಜೋರಾಗಿ ಅಳುತ್ತಿದ್ದರು. ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಫೋನ್ ಆಫ್ ಮಾಡಿ ಆತ ಒಳಗೆ ಹೋದ. ಪಕ್ಕದ ಹಾಸಿಗೆಯಲ್ಲಿದ್ದ ನನ್ನ ಅಕ್ಕನನ್ನು ನೋಡಲು ನಾನೂ ಹಿಂದೆಯೇ ಹೋದೆ. ಆತ ಅಪ್ಪನ ಕಿವಿಯ ಬಳಿ ಬಾಗಿ, ತಾಯಿ ಆಡಿದ ಹಾಗೆಯೇ ಹೇಳಿದ:

"ರೀ, ನಾ ಬಸ್ಸಿನ್ಯಾಗ ಅದೀನಿ. ನಾ ಬರೂತನಕ ಕಣ್ಣು ಮುಚ್ಚಬ್ಯಾಡ್ರಿ."

ಬೆಳಿಗ್ಗೆ ಆ ತಾಯಿ ಬರುವಷ್ಟರಲ್ಲಿ ಗಂಡ ತೀರಿಕೊಂಡಿದ್ದರು. "ನಾ ಅಂದದ್ದು ಹೇಳಿದೇನಪ್ಪಾ?" ಎಂದಷ್ಟೇ ಮಗನನ್ನು ಕೇಳಿದರು. ಆತ ಹೂಂ ಎಂದ.

ಆಸ್ಪತ್ರೆಯ ಬಾಗಿಲಲ್ಲಿ ಫೋನ್ ಆಫ್ ಮಾಡುವ ಮುನ್ನ, ಆಚೆ ಕಡೆಯವರ ಮಾತು ಮುಗಿಯುವವರೆಗೂ ನಾನೀಗ ಕಾಯುತ್ತೇನೆ.